ಮೊಂಟಾನಾದ ದನದ ಡಾಕ್ಟ್ರು

ಇದೆಲ್ಲ ಶುರುವಾಗಿದ್ದು ಒಂದು ಮೈನಸ್ ಚಿಹ್ನೆಯಿಂದ.

ಆಫೀಸಿನಲ್ಲಿ ನಾನು ಈಗ ಕೆಲಸ ಮಾಡುತ್ತಿರುವುದು ಶೇರು ಮಾರುಕಟ್ಟೆಯ ಚಾರ್ಟು ತೋರಿಸುವ ಒಂದು ತಂತ್ರಾಂಶದ ಮೇಲೆ. ಚಾರ್ಟಿನ ಕೆಳಗೆ ಹಾವಿನ ಹಾಗೆ ಏರಿಳಿಯುವ ಗೆರೆಗಳನ್ನು ನೀವೂ ನೋಡಿರಬಹುದು. ಅದರಲ್ಲಿ ಒಂದರ ಹೆಸರು 'ವಿಲಿಯಮ್ಸ್ ಪರ್ಸೆಂಟ್ ಆರ್'. ಹಿಂದಿನ ಹದಿನಾಲ್ಕು ದಿನಗಳ ಅತಿ ಹೆಚ್ಚು ಮತ್ತು ಅತಿ ಕಡಿಮೆ ಬೆಲೆಗಳ ನಡುವೆ ಇವತ್ತಿನ ಬೆಲೆ ಎಲ್ಲಿ ನಿಂತಿದೆ ಅಂತ ಹೇಳುವ ಲೆಕ್ಕ. ಇದು ಸೊನ್ನೆಯಿಂದ ಮೈನಸ್ ನೂರರವರೆಗೆ ಓಡಾಡುತ್ತದೆ. ಎಲ್ಲ ಬೆಲೆಗಳೂ ಮೈನಸ್ ಬರುತ್ತಿರುವುದನ್ನು ನೋಡಿ, ಯಾರೋ ತಪ್ಪು ಬರೆದಿದ್ದಾರೆ ಅಂದುಕೊಂಡು ನಾನು ಮಹಾ ಬುದ್ಧಿವಂತನ ಹಾಗೆ ಅದನ್ನು ಪ್ಲಸ್ ಮಾಡಿಬಿಟ್ಟೆ. ಮರುದಿನ ಗ್ರಾಹಕರಿಂದ ಬೈಗುಳ ಬಂತು. ಮೈನಸ್ಸೇ ಸರಿಯಂತೆ. ಅದನ್ನು ಕಂಡುಹಿಡಿದ ಲ್ಯಾರಿ ವಿಲಿಯಮ್ಸ್ ಹಾಗೇ ಮಾಡಿದ್ದಂತೆ.

ಯಾರಪ್ಪಾ ಈ ಮಹಾನುಭಾವ ಅಂತ ಆ ಸಿಟ್ಟಿನಲ್ಲೇ ಹುಡುಕಿದೆ. ಸಾಮಾನ್ಯ ಆಸಾಮಿಯಲ್ಲ. 1987ರಲ್ಲಿ ಒಂದು ಟ್ರೇಡಿಂಗ್ ಸ್ಪರ್ಧೆಯಲ್ಲಿ ಹತ್ತು ಸಾವಿರ ಡಾಲರನ್ನು ಒಂದು ವರ್ಷದಲ್ಲಿ ಹನ್ನೊಂದು ಲಕ್ಷಕ್ಕೂ ಮೇಲೆ ಮಾಡಿ ತೋರಿಸಿದವನು. ಅವನ ಮಗಳೇ ಹಾಲಿವುಡ್ಡಿನ ನಟಿ ಮಿಶೆಲ್ ವಿಲಿಯಮ್ಸ್. ಅವಳೂ 1997ರಲ್ಲಿ ಅದೇ ಸ್ಪರ್ಧೆ ಗೆದ್ದಳು. ಇದನ್ನೆಲ್ಲ ಓದುತ್ತಾ ಹೋದರೆ ಮಧ್ಯೆ ಒಂದು ಸಾಲು: ಇವನು 1982ರಲ್ಲಿ ಅಮೆರಿಕದ ಮೊಂಟಾನಾ ರಾಜ್ಯದಿಂದ ಸೆನೆಟ್ಟಿಗೆ ನಿಂತು ಸೋತ. ಸೋತಿದ್ದು ಯಾರ ಎದುರು? ಒಬ್ಬ ದನದ ಡಾಕ್ಟರ ಎದುರು!

ಅಲ್ಲಿಗೆ ನನ್ನ ಭಾನುವಾರ ಮುಗಿಯಿತು ಅಂತಲೇ ಲೆಕ್ಕ. ಬಟ್ಟೆ ಒಗೆಯುವುದು ಬಾಕಿ, ಕರೆಂಟ್ ಬಿಲ್ಲು ಬಾಕಿ. ನಾನು ಮಾತ್ರ ಮೊಂಟಾನಾದಲ್ಲಿ.

ದನದ ಡಾಕ್ಟ್ರು ಅಂದರೆ ನನಗೆ ಯಾಕೆ ಇಷ್ಟು ಕುತೂಹಲ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮದು ಮಲೆನಾಡಿನ ಒಂದು ಮೂಲೆಯ ಊರು. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ, ಆಷಾಢದ ಒಂದು ರಾತ್ರಿ, ನಮ್ಮ ಗೌರಿ ಕರು ಹಾಕಲಾರದೆ ಒದ್ದಾಡುತ್ತಿದ್ದಳು. ಕರುವಿನ ಒಂದು ಕಾಲು ಮಾತ್ರ ಹೊರಗೆ ಬಂದಿತ್ತು, ಇನ್ನೊಂದು ಒಳಗೆ ಹಿಂದಕ್ಕೆ ಮಡಚಿಕೊಂಡಿತ್ತು. ಅಪ್ಪಯ್ಯ ಟಾರ್ಚು ಹಿಡಿದು ಎರಡು ಮೈಲಿ ನಡೆದು ಹೋಗಿ ಫೋನು ಮಾಡಿ ಬಂದರು. ಡಾಕ್ಟ್ರು ಬಂದಾಗ ರಾತ್ರಿ ಹನ್ನೆರಡೂವರೆ. ಬೈಕು ಕೆಸರಿನಲ್ಲಿ ಹೂತು, ಕೊನೆಯ ಅರ್ಧ ಮೈಲಿ ಬ್ಯಾಗು ಹೊತ್ತು ನಡೆದೇ ಬಂದಿದ್ದರು. ಅಂಗಿ ಬಿಚ್ಚಿ, ಕೈಗೆಲ್ಲ ಸೋಪು ಹಚ್ಚಿಕೊಂಡು, ಭುಜದವರೆಗೆ ಕೈ ಒಳಗೆ ಹಾಕಿ, ಕೊಟ್ಟಿಗೆಯ ನೆಲದ ಮೇಲೆ ಸಗಣಿ ಗಂಜಲದಲ್ಲಿ ಅಡ್ಡ ಮಲಗಿಕೊಂಡು ಒಂದು ಗಂಟೆ ಹೋರಾಡಿದರು. ಕರು ಉಳಿಯಲಿಲ್ಲ. ಗೌರಿ ಉಳಿದಳು. ಅಮ್ಮ ಕೊಟ್ಟ ಕಾಫಿ ಕುಡಿಯುವಾಗ ಅವರ ಕೈ ನಡುಗುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ದುಡ್ಡು ಎಷ್ಟು ಅಂತ ಅಪ್ಪಯ್ಯ ಕೇಳಿದ್ದಕ್ಕೆ ಅವರು, "ಕರು ಸತ್ತ ಮನೇಲಿ ದುಡ್ಡು ತಗಳದಿಲ್ಲ ನಾನು" ಅಂದರು. ಅವರು ಚುನಾವಣೆಗೆ ನಿಂತರೆ ನಮ್ಮ ಕಡೆಯ ನಾಲ್ಕು ಪಂಚಾಯ್ತಿಯ ಜನ ಕಣ್ಣು ಮುಚ್ಚಿ ಓಟು ಹಾಕುತ್ತಾರೆ ಅಂತ ಅಪ್ಪಯ್ಯ ಎಷ್ಟೋ ಸಲ ಹೇಳಿದ್ದಿದೆ. ಆದರೆ ನಮ್ಮಲ್ಲಿ ದನದ ಡಾಕ್ಟ್ರು ಅಂದರೆ ಹೆಚ್ಚಿನವರು ಸರ್ಕಾರಿ ನೌಕರರು. ಕೆಲಸ ಬಿಡದೆ ಚುನಾವಣೆಗೆ ನಿಲ್ಲುವ ಹಾಗೇ ಇಲ್ಲ.

ಮೊಂಟಾನಾದಲ್ಲಿ ಒಬ್ಬರು ನಿಂತರು. ಅವರ ಹೆಸರು ಜಾನ್ ಮೆಲ್ಚರ್.

1924ರಲ್ಲಿ ಅಯೋವಾ ರಾಜ್ಯದ ಸೂ ಸಿಟಿಯಲ್ಲಿ ಹುಟ್ಟಿದವರು. ಎರಡನೇ ಮಹಾಯುದ್ಧದಲ್ಲಿ ಯೂರೋಪಿಗೆ ಹೋಗಿ ಕಾದಾಡಿ, ಗಾಯಗೊಂಡು, ಪರ್ಪಲ್ ಹಾರ್ಟ್ ಪದಕ ಪಡೆದರು. ವಾಪಸು ಬಂದವರು ಅಯೋವಾ ಸ್ಟೇಟ್ ಕಾಲೇಜಿನಲ್ಲಿ ಪಶುವೈದ್ಯಕೀಯ ಓದಿ 1950ರಲ್ಲಿ ಪದವಿ ಮುಗಿಸಿದರು. ಅದೇ ವರ್ಷ ಪಶ್ಚಿಮಕ್ಕೆ ಹೊರಟು, ಮೊಂಟಾನಾದ ಫೋರ್ಸಿತ್ ಅನ್ನುವ ಊರಿಗೆ ಬಂದು ದವಾಖಾನೆ ತೆರೆದರು.

ಈ ಫೋರ್ಸಿತ್ ಎಂಥ ಊರು ಅಂದರೆ, ಎರಡು ಸಾವಿರದಷ್ಟು ಜನ, ಯೆಲ್ಲೋಸ್ಟೋನ್ ನದಿಯ ದಂಡೆ, ಒಂದು ರೈಲ್ವೆ ಸ್ಟೇಷನ್ನು, ಸುತ್ತ ಕಣ್ಣು ಹಾಯಿಸಿದಷ್ಟೂ ಹುಲ್ಲುಗಾವಲು. ಊರಿಗೆ ಹೆಸರು ಬಂದಿದ್ದು ಜೇಮ್ಸ್ ಫೋರ್ಸಿತ್ ಎಂಬ ಸೇನಾಧಿಕಾರಿಯಿಂದ. 1890ರಲ್ಲಿ ವೂಂಡೆಡ್ ನೀ ಎಂಬಲ್ಲಿ ಲಕೋಟಾ ಮೂಲನಿವಾಸಿಗಳನ್ನು, ಹೆಂಗಸರು ಮಕ್ಕಳೂ ಸೇರಿದಂತೆ, ಕೊಂದ ಪಡೆಯ ಮುಖ್ಯಸ್ಥ ಆತನೇ. ಊರುಗಳ ಹೆಸರಿನ ಹಿಂದೆ ಏನೇನೆಲ್ಲ ಇರುತ್ತದೆ ನೋಡಿ. ಇಡೀ ಮೊಂಟಾನಾ ರಾಜ್ಯ ನಮ್ಮ ಕರ್ನಾಟಕದ ಸುಮಾರು ಎರಡರಷ್ಟು ದೊಡ್ಡದು. 1960ರ ಜನಗಣತಿಯಲ್ಲಿ ಅಲ್ಲಿದ್ದ ಜನ ಮಾತ್ರ ಏಳು ಲಕ್ಷಕ್ಕೂ ಕಡಿಮೆ. ಜನರಿಗಿಂತ ದನ ಹೆಚ್ಚು, ಈಗಲೂ.

ಅಂಥ ಕಡೆ ದನದ ಡಾಕ್ಟರ ಕೆಲಸ ಹೇಗಿರುತ್ತದೆ ಅಂತ ಊಹಿಸುವುದು ಕಷ್ಟವಲ್ಲ. ಒಂದು ರ‍್ಯಾಂಚಿನಿಂದ ಇನ್ನೊಂದಕ್ಕೆ ಮೈಲಿಗಟ್ಟಲೆ ದಾರಿ. ಚಳಿಗಾಲ ಮುಗಿಯುವ ಹೊತ್ತಿಗೆ, ಇನ್ನೂ ಹಿಮ ಕರಗುವ ಮೊದಲೇ, ಕರು ಹಾಕುವ ಕಾಲ. ಆ ದಿನಗಳಲ್ಲಿ ದೊಡ್ಡ ತಲೆನೋವು ಬ್ರುಸೆಲ್ಲೋಸಿಸ್, ನಮ್ಮ ಕಡೆ ಕಂದು ರೋಗ ಅನ್ನುತ್ತಾರಲ್ಲ, ಅದು. ಗಬ್ಬದ ದನಗಳು ಒಂದಾದ ಮೇಲೊಂದು ಕಂದು ಹಾಕುತ್ತವೆ, ಹಾಲಿನಿಂದ ಮನುಷ್ಯರಿಗೂ ಬರುತ್ತದೆ. 1934ರಲ್ಲೇ ಅಮೆರಿಕ ಸರ್ಕಾರ ಇದನ್ನು ಬೇರುಸಹಿತ ಕೀಳುವ ಕಾರ್ಯಕ್ರಮ ಶುರು ಮಾಡಿತ್ತು. ಊರೂರು ತಿರುಗಿ ದನಗಳ ರಕ್ತ ಪರೀಕ್ಷೆ ಮಾಡಿ, ಕರುಗಳಿಗೆ ಲಸಿಕೆ ಹಾಕಿ, ರೋಗದ ದನಗಳನ್ನು ಕಟುಕರಿಗೆ ಕಳಿಸಬೇಕು. ಮೊಂಟಾನಾ ರೋಗಮುಕ್ತ ಅಂತ ಘೋಷಣೆಯಾಗಿದ್ದು 1985ರಲ್ಲಿ. ಅರ್ಧ ಶತಮಾನದ ಕೆಲಸ! "ನಿನ್ನ ಹಿಂಡಿನಲ್ಲಿ ಇಷ್ಟು ದನಕ್ಕೆ ರೋಗ ಇದೆ, ಕಳಿಸಿಬಿಡಬೇಕು" ಅಂತ ಒಬ್ಬ ರೈತನ ಮುಖಕ್ಕೆ ಹೇಳಿ, ಮತ್ತೆ ಅವನ ಮನೆಯಲ್ಲೇ ಊಟಕ್ಕೆ ಕೂರುವುದು ಇದೆಯಲ್ಲ, ರಾಜಕೀಯಕ್ಕೆ ಅದಕ್ಕಿಂತ ಒಳ್ಳೆಯ ತರಬೇತಿ ಇನ್ನೊಂದಿಲ್ಲ ಅನ್ನಿಸುತ್ತದೆ ನನಗೆ.

1953ರಲ್ಲಿ ಪುರಸಭೆಯ ಸದಸ್ಯ. 1955ರಿಂದ 1961ರವರೆಗೆ ಮೇಯರ್. 1961ರಲ್ಲಿ ರಾಜ್ಯದ ರಾಜಧಾನಿ ಹೆಲೆನಾದಲ್ಲಿ ಕೆಳಮನೆಯ ಶಾಸಕ, 1963ರಿಂದ 1967ರವರೆಗೆ ಮೇಲ್ಮನೆಯಲ್ಲಿ. ಅಲ್ಲಿನ ಶಾಸಕರ ಪದ್ಧತಿ ನನಗೆ ಬಹಳ ಇಷ್ಟವಾಯಿತು. ಆಗ ಮೊಂಟಾನಾ ಶಾಸನಸಭೆ ಸೇರುತ್ತಿದ್ದುದು ಎರಡು ವರ್ಷಕ್ಕೊಮ್ಮೆ, ಅದೂ ಅರವತ್ತೇ ದಿನ. ಅಷ್ಟರಲ್ಲಿ ಬಜೆಟ್ಟು, ಕಾನೂನು, ಜಗಳ ಎಲ್ಲ ಮುಗಿಸಿ ಊರಿಗೆ ಹೋಗಿ ತಮ್ಮ ತಮ್ಮ ಕೆಲಸ ಮಾಡಿಕೊಳ್ಳಬೇಕು. ಈಗಲೂ ಎರಡು ವರ್ಷಕ್ಕೊಮ್ಮೆಯೇ, ಹೆಚ್ಚೆಂದರೆ ತೊಂಬತ್ತು ದಿನ. ಹಾಗಾಗಿ ಶಾಸಕನಾದವನು ರೈತನಾಗಿಯೋ ವಕೀಲನಾಗಿಯೋ ದನದ ಡಾಕ್ಟರಾಗಿಯೋ ಮುಂದುವರಿಯಲೇಬೇಕು. ಆಗಿನ ಮೇಲ್ಮನೆಯಲ್ಲಿ ಜಿಲ್ಲೆಗೆ ಒಬ್ಬರಂತೆ 56 ಜಿಲ್ಲೆಗಳಿಗೆ 56 ಸದಸ್ಯರು. ದೊಡ್ಡ ಊರಿರುವ ಜಿಲ್ಲೆಗೂ ಒಬ್ಬ, ಹುಲ್ಲುಗಾವಲಿನ ಜಿಲ್ಲೆಗೂ ಒಬ್ಬ. ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ ಇರಬೇಕು ಅಂತ 1964ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟ ಮೇಲೆ ಆ ಪದ್ಧತಿ ಹೋಯಿತು. ಸರಿಯಾದ ತೀರ್ಪೇ, ಆದರೂ ಆ ಹಳೆಯ ಸಭೆಯನ್ನು ಒಮ್ಮೆ ನೋಡಬೇಕಿತ್ತು ಅನ್ನಿಸುತ್ತದೆ.

ಇನ್ನೊಂದು ವಿಷಯ ಹೇಳದೆ ಮುಂದೆ ಹೋದರೆ ಕಥೆ ಅರ್ಥವಾಗುವುದಿಲ್ಲ. ಮೊಂಟಾನಾ ಅಂದರೆ ತಾಮ್ರ. ಬ್ಯೂಟ್ ಎಂಬ ಊರಿನ ತಾಮ್ರದ ಗಣಿಗಳಿಂದ ಕೋಟ್ಯಧೀಶರಾದವರನ್ನು 'ತಾಮ್ರದ ದೊರೆಗಳು' ಅಂತಲೇ ಕರೆಯುತ್ತಿದ್ದರು. ಅವರಲ್ಲೊಬ್ಬ ವಿಲಿಯಂ ಕ್ಲಾರ್ಕ್. ಆಗ ಸೆನೆಟರ್‌ಗಳನ್ನು ಆರಿಸುತ್ತಿದ್ದುದು ಜನ ಅಲ್ಲ, ರಾಜ್ಯದ ಶಾಸಕರು. ಕ್ಲಾರ್ಕ್ 1899ರಲ್ಲಿ ಶಾಸಕರಿಗೆ ದುಡ್ಡು ಹಂಚಿ ಸೆನೆಟ್ ಸೀಟು ಗಿಟ್ಟಿಸಿದ. ಎಷ್ಟು ರಾಜಾರೋಷವಾಗಿ ಅಂದರೆ ಸೆನೆಟ್ಟೇ ನಾಚಿಕೊಂಡು ವಿಚಾರಣೆ ಮಾಡಿತು, ಆಸಾಮಿ 1900ರಲ್ಲಿ ರಾಜೀನಾಮೆ ಕೊಡಬೇಕಾಯಿತು. (ಮತ್ತೆ 1901ರಲ್ಲಿ ಆರಿಸಿ ಹೋದ, ಅದು ಬೇರೆ ಮಾತು.) ಈ ಹೇಸಿಗೆ ಸಾಕಾಗಿ 1912ರಲ್ಲಿ ಮೊಂಟಾನಾದ ಜನ, ಕಂಪನಿಗಳು ಚುನಾವಣೆಗೆ ದುಡ್ಡು ಸುರಿಯಬಾರದು ಅಂತ ತಾವೇ ಕಾನೂನು ಮಾಡಿಕೊಂಡರು. ಅಷ್ಟಾದರೂ ಅನಕೊಂಡಾ ಎಂಬ ತಾಮ್ರದ ಕಂಪನಿ ರಾಜ್ಯದ ಮುಖ್ಯ ಪತ್ರಿಕೆಗಳನ್ನೇ ಕೊಂಡುಕೊಂಡು ಕೂತಿತ್ತು, 1959ರವರೆಗೂ. ಪತ್ರಿಕೆಗಳನ್ನು ಅದು ಮಾರಿ ಎರಡೇ ವರ್ಷಕ್ಕೆ ನಮ್ಮ ಡಾಕ್ಟ್ರು ಹೆಲೆನಾಕ್ಕೆ ಹೋಗಿದ್ದು. ಹೊರಗಿನ ದುಡ್ಡು ನಮ್ಮನ್ನು ಆಳುತ್ತದೆ ಅನ್ನುವ ಸಿಟ್ಟು ಅಲ್ಲಿನ ಜನರಿಗೆ ತಾತಂದಿರ ಕಾಲದಿಂದ ಬಂದಿದ್ದು. ಇದನ್ನು ನೆನಪಿಟ್ಟುಕೊಳ್ಳಿ.

1966ರಲ್ಲಿ ಮೆಲ್ಚರ್ ಅಮೆರಿಕದ ಸಂಸತ್ತಿಗೆ ನಿಂತು ಸೋತರು. 1969ರಲ್ಲಿ ಆ ಸೀಟು ಖಾಲಿಯಾಗಿ ಉಪಚುನಾವಣೆ ನಡೆದಾಗ ಸಣ್ಣ ಅಂತರದಲ್ಲಿ ಗೆದ್ದರು.

ಅಲ್ಲಿಂದ ಮುಂದಿನ ಹನ್ನೆರಡು ತಿಂಗಳೋ ಹನ್ನೆರಡು ವರ್ಷವೋ ಹೆಸರು ಹೇಳದ ಸಂಸದರಾಗಿ ಕಳೆದುಹೋಗಬಹುದಿತ್ತು. ಆದರೆ ಫೋರ್ಸಿತ್‌ನ ದಕ್ಷಿಣಕ್ಕೆ, ಅದೇ ಜಿಲ್ಲೆಯಲ್ಲಿ, ಕೋಲ್‌ಸ್ಟ್ರಿಪ್ ಅಂತ ಒಂದು ಊರಿದೆ. ಹೆಸರೇ ಹೇಳುತ್ತದೆ: ಕಲ್ಲಿದ್ದಲಿಗಾಗಿ ನೆಲದ ಚರ್ಮ ಸುಲಿಯುವ ಊರು. 1924ರಲ್ಲಿ, ಅಂದರೆ ಮೆಲ್ಚರ್ ಹುಟ್ಟಿದ ವರ್ಷವೇ, ರೈಲ್ವೆ ಕಂಪನಿ ತನ್ನ ಎಂಜಿನ್ನುಗಳಿಗಾಗಿ ಅಲ್ಲಿ ಗಣಿ ಶುರು ಮಾಡಿತ್ತು. ಎಪ್ಪತ್ತರ ದಶಕದಲ್ಲಿ ವಿದ್ಯುತ್ತಿಗಾಗಿ ಕಲ್ಲಿದ್ದಲಿನ ಬೇಡಿಕೆ ಏರಿತು. 1975, 76ರಲ್ಲಿ ಅಲ್ಲಿ ಎರಡು ದೊಡ್ಡ ವಿದ್ಯುತ್ ಘಟಕಗಳು ಎದ್ದವು. (ಆ ಎರಡೂ 2020ರ ಜನವರಿಯಲ್ಲಿ ಮುಚ್ಚಿದವು.) ರೈತರ ಪಾಡು ವಿಚಿತ್ರವಾಗಿತ್ತು. ಹಳೆಯ ಕಾನೂನಿನ ಪ್ರಕಾರ ಸರ್ಕಾರ ಅವರ ಅಜ್ಜಂದಿರಿಗೆ ಕೊಟ್ಟಿದ್ದು ಮೇಲಿನ ನೆಲ ಮಾತ್ರ. ಕೆಳಗಿನ ಕಲ್ಲಿದ್ದಲನ್ನು ತನ್ನ ಬಳಿಯೇ ಇಟ್ಟುಕೊಂಡಿತ್ತು. ಎರಡು ತಲೆಮಾರು ದನ ಮೇಯಿಸಿದ ಗುಡ್ಡಕ್ಕೆ ಒಂದು ದಿನ ಕಂಪನಿಯವನು ಬಂದು, ನಿನ್ನದು ಹುಲ್ಲು, ನನ್ನದು ಹುಲ್ಲಿನ ಕೆಳಗಿರುವುದು ಅಂದರೆ?

ನೆಲ ಅಗೆದವರು ಮೇಲ್ಮಣ್ಣನ್ನು ತೆಗೆದಿಟ್ಟು ವಾಪಸು ಹಾಕಬೇಕು, ಗುಡ್ಡವನ್ನು ಹೆಚ್ಚು ಕಡಿಮೆ ಮೊದಲಿನ ಆಕಾರಕ್ಕೆ ತರಬೇಕು, ಮತ್ತೆ ಹುಲ್ಲು ಬೆಳೆಸಬೇಕು ಅನ್ನುವ ಕಾನೂನಿಗಾಗಿ ಸಂಸತ್ತಿನಲ್ಲಿ ವರ್ಷಗಟ್ಟಲೆ ಗುದ್ದಾಟ ನಡೆಯಿತು. ಅರಿಜೋನಾದ ಮೋ ಯುಡಾಲ್, ಹವಾಯಿಯ ಪ್ಯಾಟ್ಸಿ ಮಿಂಕ್, ಇವರ ಜೊತೆ ಮುಂಚೂಣಿಯಲ್ಲಿದ್ದವರು ನಮ್ಮ ಮೆಲ್ಚರ್. 1974ರ ಕೊನೆಗೆ ಪಾಸಾದ ಮಸೂದೆಗೆ ಅಧ್ಯಕ್ಷ ಫೋರ್ಡ್ ಸಹಿ ಹಾಕಲಿಲ್ಲ. 1975ರಲ್ಲಿ ಮತ್ತೆ ಪಾಸು ಮಾಡಿದರು, ಫೋರ್ಡ್ ಮತ್ತೆ ತಿರಸ್ಕರಿಸಿದರು, ಕೆಲಸ ಹೋಗುತ್ತದೆ, ಇಂಧನ ದುಬಾರಿಯಾಗುತ್ತದೆ ಅಂತ. ಅಧ್ಯಕ್ಷರನ್ನು ಮೀರಲು ಮೂರನೇ ಎರಡರಷ್ಟು ಮತ ಬೇಕು. 1975ರ ಜೂನಿನಲ್ಲಿ ಮತಕ್ಕೆ ಹಾಕಿದರು. ಪರ 278, ವಿರುದ್ಧ 143. ಮೂರೇ ಮೂರು ಮತ ಕಡಿಮೆ! ಕೊನೆಗೆ ಕಾರ್ಟರ್ ಬಂದ ಮೇಲೆ, 1977ರ ಆಗಸ್ಟ್ 3ರಂದು ಕಾನೂನಾಯಿತು. ಮೇಲಿನ ನೆಲದ ಒಡೆಯ ಬರವಣಿಗೆಯಲ್ಲಿ ಒಪ್ಪದೆ ಅವನ ಕೆಳಗಿನ ಸರ್ಕಾರಿ ಕಲ್ಲಿದ್ದಲನ್ನು ಅಗೆಯಲು ಕೊಡಬಾರದು ಅನ್ನುವ ಮಾತೂ ಅದರಲ್ಲಿ ಸೇರಿತು. ಟನ್ನಿಗೆ ಇಂತಿಷ್ಟು ಸೆಂಟ್ ಅಂತ ವಸೂಲಿ ಮಾಡಿ, ಹಿಂದಿನವರು ಅಗೆದು ಬಿಟ್ಟುಹೋದ ಹೊಂಡಗಳನ್ನು ಸರಿಮಾಡುವ ನಿಧಿಯೂ ಹುಟ್ಟಿತು.

ಅಷ್ಟರಲ್ಲಿ ಮೆಲ್ಚರ್ ಸೆನೆಟರ್ ಆಗಿದ್ದರು. ಹದಿನಾರು ವರ್ಷ ಸೆನೆಟ್ಟಿನ ಬಹುಮತದ ನಾಯಕರಾಗಿದ್ದ ಮೈಕ್ ಮ್ಯಾನ್ಸ್‌ಫೀಲ್ಡ್ 1976ರಲ್ಲಿ ನಿವೃತ್ತರಾದಾಗ ಅವರ ಸೀಟಿಗೆ ನಿಂತು ಸುಲಭವಾಗಿ ಗೆದ್ದಿದ್ದರು. ದೊಡ್ಡ ಮರ ಬಿದ್ದ ಜಾಗದಲ್ಲಿ ನೆಟ್ಟ ಸಸಿ ಅಂತ ಜನ ನೋಡಿದ್ದರೆ ಆಶ್ಚರ್ಯವಿಲ್ಲ.

ಈಗ 1982ಕ್ಕೆ ಬರೋಣ. ನನ್ನ ಮೈನಸ್ ಚಿಹ್ನೆಯ ಲ್ಯಾರಿ ವಿಲಿಯಮ್ಸ್ ಎದುರಾಳಿ. ಆದರೆ ಅಸಲು ಎದುರಾಳಿ ಬೇರೆಯೇ ಇತ್ತು. ವಾಷಿಂಗ್ಟನ್ ಕಡೆಯ 'ನ್ಯಾಷನಲ್ ಕನ್ಸರ್ವೇಟಿವ್ ಪೊಲಿಟಿಕಲ್ ಆಕ್ಷನ್ ಕಮಿಟಿ' ಎಂಬ ಗುಂಪು. ಚುನಾವಣೆಗೆ ನಿಲ್ಲುವವರ ಜೊತೆ ಸೇರಿಕೊಳ್ಳದೆ ಸ್ವತಂತ್ರವಾಗಿ ಎಷ್ಟು ಬೇಕಾದರೂ ಖರ್ಚು ಮಾಡಬಹುದು ಅಂತ 1976ರಲ್ಲಿ ಸುಪ್ರೀಂ ಕೋರ್ಟು ಹೇಳಿತ್ತಲ್ಲ, ಆ ಬಾಗಿಲಿನಿಂದ ಒಳಬಂದವರು ಇವರು. ಕೆಲಸ ಏನು? ತಮಗೆ ಬೇಡದ ಸೆನೆಟರುಗಳ ರಾಜ್ಯದಲ್ಲಿ ವರ್ಷ ಮೊದಲೇ ಟೀವಿ, ರೇಡಿಯೋದಲ್ಲಿ ಬೈಗುಳದ ಜಾಹೀರಾತು ಸುರಿಯುವುದು. 1980ರಲ್ಲಿ ಆರು ಜನರ ಮೇಲೆ ಗುರಿ ಇಟ್ಟರು, ನಾಲ್ಕು ಜನ ಸೋತರು. ಮೆಕ್‌ಗವರ್ನ್, ಫ್ರಾಂಕ್ ಚರ್ಚ್ ಅವರಂಥ ದೊಡ್ಡ ತಲೆಗಳೇ ಉರುಳಿದವು. ಮುಂದಿನ ಪಟ್ಟಿಯಲ್ಲಿ ಮೆಲ್ಚರ್ ಹೆಸರಿತ್ತು. ಇವರು ಮೊಂಟಾನಾಕ್ಕೆ ತಕ್ಕವರಲ್ಲ, ನಮ್ಮಿಂದ ದೂರವಾಗಿದ್ದಾರೆ ಅನ್ನುವುದು ಆರೋಪ.

ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ? ಆರೋಪಕ್ಕೊಂದು ಉತ್ತರ, ಉತ್ತರಕ್ಕೊಂದು ಅಂಕಿಅಂಶ. 1980ರಲ್ಲಿ ಸೋತವರಲ್ಲಿ ಕೆಲವರು ಮಾತಾಡದೆ ಕೂತು ಸೋತರು, ಕೆಲವರು ತಡವಾಗಿ ಉತ್ತರಿಸಿ ಸೋತರು. ಮೆಲ್ಚರ್ ಕಡೆಯವರು ಹಸುಗಳ ಕೈಯಲ್ಲಿ ಮಾತಾಡಿಸಿದರು.

ನಿಜವಾಗಿಯೂ! ಆ ಜಾಹೀರಾತು ಅಂತರ್ಜಾಲದಲ್ಲಿ ಸಿಗುತ್ತದೆ, ನೋಡಿ. ಪೂರ್ವ ಕರಾವಳಿಯ ಒಂದಿಷ್ಟು ರಾಜಕೀಯದವರು ಪೆಟ್ಟಿಗೆಗಟ್ಟಲೆ ದುಡ್ಡು ಹಿಡಿದುಕೊಂಡು ಮೊಂಟಾನಾಕ್ಕೆ ನುಗ್ಗಿದ್ದಾರೆ ಅಂತ ಹಿನ್ನೆಲೆ ದನಿ ಹೇಳುತ್ತದೆ. ಆಮೇಲೆ ಹುಲ್ಲುಗಾವಲಿನ ದನಗಳು ಮೆಲುಕು ಹಾಕುತ್ತಾ ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಪಟ್ಟಣದವರು ಬಂದು ನಮ್ಮ ಡಾಕ್ಟ್ರ ಬಗ್ಗೆ ಕೆಟ್ಟದಾಗಿ ಆಡ್ತಿದ್ದಾರಂತೆ ಅಂತ ಒಂದು. ಅವರಲ್ಲೊಬ್ಬ, ತಾನು ಮಾರೋಕೆ ತಂದ ಮಾಲನ್ನೇ ತುಳಿದುಕೊಂಡು ಓಡಾಡ್ತಿದ್ದ ಅಂತ ಇನ್ನೊಂದು. (ಇಂಗ್ಲಿಷಿನಲ್ಲಿ ಹೋರಿಯ ಹೆಸರಿಗೇ ಬೊಗಳೆ ಅನ್ನುವ ಅರ್ಥವೂ ಇದೆ, ಅದರ ಸಗಣಿಗಂತೂ ಇನ್ನೂ ಹೆಚ್ಚು!) ಅವನು ನನ್ನನ್ನು ಎತ್ತು ಎತ್ತು ಅಂತಲೇ ಕರೀತಿದ್ದ ಅಂತ ಒಂದು ದೂರು. ಹಸುವಿಗೂ ಎತ್ತಿಗೂ ವ್ಯತ್ಯಾಸ ಗೊತ್ತಿಲ್ಲದವರು ಮೊಂಟಾನಾಕ್ಕೆ ಯಾರು ತಕ್ಕವರು ಅಂತ ಹೇಳಲು ಬಂದಿದ್ದಾರೆ ಅನ್ನುವುದು ಒಳಗಿನ ಏಟು.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಹಸು ಮಾತಾಡುವುದು ಹೊಸದಲ್ಲ. ನಮ್ಮ ಹಸು ಹುಲಿಯನ್ನೇ ಕರಗಿಸಿತು, ಅವರ ಹಸು ಟೀವಿ ಜಾಹೀರಾತಿನವರನ್ನು ಓಡಿಸಿತು, ಅಷ್ಟೇ :-)

ಫಲಿತಾಂಶ ಸುಮಾರು 54ಕ್ಕೆ 42. ಲ್ಯಾರಿ ವಿಲಿಯಮ್ಸ್ ಮತ್ತೆ ತನ್ನ ಗೆರೆಗಳಿಗೆ ವಾಪಸಾದ. ಆ ಗುಂಪು ಆ ವರ್ಷ ಗುರಿ ಇಟ್ಟವರಲ್ಲಿ ಹೆಚ್ಚಿನವರು ಗೆದ್ದರು. ಹಸುಗಳಿಂದಲೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಆ ವರ್ಷ ದೇಶದಲ್ಲಿ ನಿರುದ್ಯೋಗ ಏರಿತ್ತು, ರೇಗನ್ ಪಕ್ಷದ ಮೇಲೆ ಜನರಿಗೆ ಬೇಸರವಿತ್ತು. ಆದರೆ ಒಂದು ವಿಷಯ ಯೋಚಿಸಿ. ಆ ಹಾಸ್ಯ ಬೇರೆ ಯಾವ ಸೆನೆಟರ್ ಮಾಡಿದ್ದರೂ ಚಪ್ಪೆಯಾಗುತ್ತಿತ್ತು. ಒಬ್ಬ ವಕೀಲನ ಪರವಾಗಿ ಹಸು ಮಾತಾಡಿದರೆ ಅದು ಬರೀ ಜಾಹೀರಾತು. ಮೂವತ್ತು ವರ್ಷದ ಹಿಂದೆ ಹಿಮದಲ್ಲಿ ಬಂದು ಕರು ಎಳೆದು ತೆಗೆದ ಡಾಕ್ಟ್ರ ಪರವಾಗಿ ಮಾತಾಡಿದರೆ ಅದು ಸಾಕ್ಷಿ.

ಅವರು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದ್ಯಾವುದೂ ಅಲ್ಲ, ಇನ್ನೊಂದು. ಅದಕ್ಕೆ ನಮ್ಮ ದೇಶದ ನಂಟೂ ಇದೆ. ಪೋಲಿಯೋ ಲಸಿಕೆ ಬಂದ ಕಾಲದಲ್ಲಿ ಅದನ್ನು ಬೆಳೆಸುತ್ತಿದ್ದುದು ಮಂಗಗಳ ಮೂತ್ರಪಿಂಡದ ಜೀವಕೋಶಗಳಲ್ಲಿ. ಆ ಮಂಗಗಳಲ್ಲಿ ಬಹುಪಾಲು ಹೋಗುತ್ತಿದ್ದುದು ಭಾರತದಿಂದ, ವರ್ಷಕ್ಕೆ ಸಾವಿರಾರು. ಸೇನೆಯ ವಿಕಿರಣ ಪ್ರಯೋಗಗಳಿಗೂ ಅವನ್ನು ಬಳಸುತ್ತಿದ್ದಾರೆ ಅನ್ನುವ ಸುದ್ದಿ ಹೊರಬಿದ್ದ ಮೇಲೆ ಮೊರಾರ್ಜಿ ದೇಸಾಯಿ ಸರ್ಕಾರ 1978ರಲ್ಲಿ ರಫ್ತನ್ನೇ ನಿಲ್ಲಿಸಿತು. ಆಮೇಲೆ 1981ರಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿನ ಪ್ರಯೋಗಾಲಯದಲ್ಲಿ ಹದಿನೇಳು ಮಂಗಗಳ ಹೀನ ಸ್ಥಿತಿ ಹೊರಬಂದು ಅಮೆರಿಕದಲ್ಲಿ ಗದ್ದಲವಾಯಿತು. 1985ರಲ್ಲಿ ಪ್ರಾಣಿಗಳ ಕಾನೂನಿಗೆ ತಿದ್ದುಪಡಿ ಬಂತು. ಅದನ್ನು ತಂದವರಲ್ಲಿ ಮುಖ್ಯರು ರಿಪಬ್ಲಿಕನ್ ಪಕ್ಷದ ಬಾಬ್ ಡೋಲ್ ಮತ್ತು ಡೆಮಾಕ್ರಟ್ ಜಾರ್ಜ್ ಬ್ರೌನ್. ಅದಕ್ಕೆ ಮೆಲ್ಚರ್ ಒಂದು ಮಾತು ಸೇರಿಸಿದರು: ಪ್ರಯೋಗಾಲಯದ ಮಂಗಗಳಿಗೆ ಅವುಗಳ ಮನಸ್ಸಿನ ನೆಮ್ಮದಿಗೆ ಬೇಕಾದಂಥ ಪರಿಸರ ಇರಬೇಕು ಅಂತ.

ಮನಸ್ಸಿನ ನೆಮ್ಮದಿ! ವಿಜ್ಞಾನಿಗಳು ತಲೆ ಚಚ್ಚಿಕೊಂಡರು. ಪಂಜರದ ಉದ್ದಗಲ ಅಳೆಯಬಹುದು, ಮಂಗನ ನೆಮ್ಮದಿಯನ್ನು ಯಾವ ಟೇಪಿನಲ್ಲಿ ಅಳೆಯುವುದು? ನಮ್ಮ ಗ್ರಾಹಕರು "ಬಳಸಲು ಸುಲಭವಾಗಿರಬೇಕು" ಅಂತ ಒಂದೇ ಸಾಲು ಬರೆದು ಕಳಿಸುತ್ತಾರಲ್ಲ, ಹಾಗೆ. ನಿಯಮಗಳು ಬರಲು 1991 ಆಯಿತು, ಕೋರ್ಟು ಕಚೇರಿ ಆಮೇಲೂ ನಡೆಯಿತು. ಆದರೆ ಆ ಒಂದು ಸಾಲಿನ ದೆಸೆಯಿಂದ ಮಂಗಕ್ಕೆ ಜೊತೆ ಬೇಕೇ, ಆಟದ ಸಾಮಾನು ಬೇಕೇ, ಹುಡುಕಿ ತಿನ್ನುವ ಆಹಾರ ಬೇಕೇ ಅಂತ ಪ್ರಯೋಗಾಲಯಗಳು ಯೋಚಿಸಬೇಕಾಯಿತು. ಅದರ ಮೇಲೆ ಸಂಶೋಧನೆಗಳೇ ಶುರುವಾದವು. ಮಂಗವೂ ಬೇಸರಪಡುತ್ತದೆ ಅಂತ ಕಾನೂನಿನಲ್ಲಿ ಬರೆಯಲು ನಾಚಿಕೆ ಪಡದಿದ್ದವರು ಒಬ್ಬ ದನದ ಡಾಕ್ಟ್ರು. ಕೊಟ್ಟಿಗೆಯಲ್ಲಿ ಒಂಟಿಯಾದ ಹಸು ಹಿಂಡಿ ಮುಟ್ಟದೆ ನಿಲ್ಲುವುದನ್ನು ನೋಡಿದವರಿಗೆ ಇದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

1988ರಲ್ಲಿ ಅವರು ಸೋತರು. ಎದುರಾಳಿ ಕಾನ್ರಾಡ್ ಬರ್ನ್ಸ್. ದನದ ಹರಾಜು ಕೂಗಿದವನು, ರೇಡಿಯೋದಲ್ಲಿ ಕೃಷಿ ಸುದ್ದಿ ಹೇಳುತ್ತಿದ್ದವನು. ಈ ಸಲ ಎದುರಿಗಿದ್ದವನಿಗೂ ಹಸು ಎತ್ತಿನ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಜೊತೆಗೆ ಮೊಂಟಾನಾದ ಕಾಡುಗಳ ಬಗ್ಗೆ ಮೆಲ್ಚರ್ ಮತ್ತು ಉಳಿದವರು ಕಷ್ಟಪಟ್ಟು ಪಾಸು ಮಾಡಿಸಿದ್ದ ಮಸೂದೆಗೆ ಅಧ್ಯಕ್ಷ ರೇಗನ್ ಚುನಾವಣೆಗೆ ಕೆಲವೇ ದಿನ ಮೊದಲು ಸಹಿ ಹಾಕದೆ ಕೊಂದರು. 52ಕ್ಕೆ 48. 1994ರಲ್ಲಿ ಮತ್ತೆ ನಿಲ್ಲಲು ನೋಡಿದರು, ಪಕ್ಷದೊಳಗಿನ ಚುನಾವಣೆಯಲ್ಲೇ ಸೋತರು. ಆಗಲೇ ಎಪ್ಪತ್ತು ಹತ್ತಿರ. ಅಷ್ಟು ಹೊತ್ತಿಗೆ ಬಿಡಬೇಕಿತ್ತೇನೋ ಅಂತ ನನಗೆ ಅನ್ನಿಸಿತು, ಆದರೆ ಬಿಡುವುದು ಯಾರಿಗೂ ಸುಲಭವಲ್ಲ. 2018ರ ಏಪ್ರಿಲ್ 12ರಂದು ಮಿಸ್ಸೌಲಾದಲ್ಲಿ ತೀರಿಕೊಂಡರು. ತೊಂಬತ್ತಮೂರು ವರ್ಷ.

1912ರ ಆ ಕಾನೂನು ನೆನಪಿದೆಯಲ್ಲ? ನೂರು ವರ್ಷ ಬದುಕಿ, 2012ರಲ್ಲಿ ಅದನ್ನು ಸುಪ್ರೀಂ ಕೋರ್ಟು ತೆಗೆದುಹಾಕಿತು. 2024ರಲ್ಲಿ ಮೊಂಟಾನಾದ ಒಂದು ಸೆನೆಟ್ ಸೀಟಿಗೆ ಎರಡೂ ಕಡೆಯಿಂದ ಸುರಿದ ದುಡ್ಡು 25 ಕೋಟಿ ಡಾಲರ್ ದಾಟಿತು. ಅದರಲ್ಲಿ ಸೋತವನೂ ಜಮೀನಿನಲ್ಲಿ ದುಡಿಯುವ ರೈತನೇ, ಜಾನ್ ಟೆಸ್ಟರ್. 1982ರ ಪೆಟ್ಟಿಗೆ ದುಡ್ಡು ಇದರ ಮುಂದೆ ಚಿಲ್ಲರೆ.

ಮೊನ್ನೆ ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪಯ್ಯನಿಗೆ ಇದನ್ನೆಲ್ಲ ಹೇಳಿದೆ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೇಳಿಸಿಕೊಂಡರು. ಸಂಸತ್ತು, ಕಲ್ಲಿದ್ದಲು ಎಲ್ಲ ಮುಗಿದ ಮೇಲೆ, "ಆ ಡಾಕ್ಟ್ರು ರಾತ್ರಿ ಕರೆದ್ರೆ ಬರ್ತಿದ್ರನಾ?" ಅಂತ ಒಂದೇ ಪ್ರಶ್ನೆ. ಬರ್ತಿರಬೇಕು, ಇಲ್ಲದಿದ್ದರೆ ಅಲ್ಲಿಯವರು ಇಷ್ಟು ಸಲ ಓಟು ಹಾಕುತ್ತಿರಲಿಲ್ಲ ಅಂದೆ. "ಹಾಂ, ಹಂಗಾರೆ ಸರಿ" ಅಂದರು.

ಮೊಬೈಲಿನಲ್ಲಿ ಆ ಜಾಹೀರಾತು ಹಾಕಿ ತೋರಿಸಿದೆ. ಇಂಗ್ಲಿಷ್ ಅವರಿಗೆ ತಿಳಿಯಲಿಲ್ಲ. ಆದರೆ ದನ ಮಾತಾಡುವುದನ್ನು ನೋಡಿ ಹಾಲಿನ ಚೊಂಬು ಅಲುಗುವಷ್ಟು ನಕ್ಕರು. ಗೌರಿಯ ಮೊಮ್ಮಗಳು ಒಬ್ಬಳಿದ್ದಾಳೆ, ತುಂಗೆ ಅಂತ. ಅವಳು ಕಿವಿ ನಿಮಿರಿಸಿ ಮೊಬೈಲಿನ ಕಡೆಗೊಮ್ಮೆ ನೋಡಿ, ಮತ್ತೆ ಹಿಂಡಿಗೆ ಬಾಯಿ ಹಾಕಿದಳು.